ಪಕ್ಷದ ಖರ್ಚಿನಲ್ಲಿ ಕಪ್ಪಾದ ಕೂದಲು

ತಿಂಗಳಿಗೆ ಎರಡು ಮಂಗಳವಾರ, ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ, ಪಕ್ಷದ ಬಿಳಿ ಕಾರು ನಂದಗುಡಿ ರಸ್ತೆಯಿಂದ ಒಳಗೆ ತಿರುಗಿ ಗೋಪಾಲಪ್ಪನ ಮನೆ ಮುಂದೆ ನಿಲ್ಲುತ್ತಿತ್ತು. ಡ್ರೈವರ್ ಬೀರೇಶ್ ಹಾರ್ನ್ ಹಾಕುವ ಮೊದಲೇ ಗೋಪಾಲಪ್ಪ ದನಗಳಿಗೆ ಮೇವು ಹಾಕಿ, ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜಗುಲಿಯ ಮೇಲೆ ಕೂತಿರುತ್ತಿದ್ದ. ಐವತ್ತೆಂಟು ವರ್ಷದ ಮನುಷ್ಯ. ಹೋಗುತ್ತಿದ್ದದ್ದು ಬೆಂಗಳೂರಿನ ಒಂದು ದೊಡ್ಡ ಸಲೂನಿಗೆ. ಅಲ್ಲಿ ಅವನ ತಲೆಗೂ ಮೀಸೆಗೂ ಬಣ್ಣ ಹಚ್ಚುತ್ತಿದ್ದರು. ಹುಬ್ಬು ತಿದ್ದಿ, ಮುಖಕ್ಕೆ ಏನೇನೋ ಬಳಿದು ತೊಳೆದು, ಉಗುರು ಕತ್ತರಿಸಿ, ಮಧ್ಯಾಹ್ನದ ಹೊತ್ತಿಗೆ ಹೊಸ ಮನುಷ್ಯನನ್ನಾಗಿ ಮಾಡಿ ಕಳಿಸುತ್ತಿದ್ದರು. ಬಿಲ್ಲು ನೇರವಾಗಿ ಪಕ್ಷದ ಕಚೇರಿಗೆ ಹೋಗುತ್ತಿತ್ತು.

ಅವನ ಹೆಂಡತಿ ಅಶ್ವತ್ಥಮ್ಮ ಆ ಪಕ್ಷದ ಮಹಿಳಾ ಘಟಕದ ರಾಜ್ಯಾಧ್ಯಕ್ಷೆ. ಊರಿನ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಎದ್ದು ನಿಂತು ಮಾತಾಡಲು ಶುರು ಮಾಡಿದವಳು ತಾಲ್ಲೂಕು ಪಂಚಾಯಿತಿಗೆ ಗೆದ್ದಳು, ಆಮೇಲೆ ಜಿಲ್ಲಾ ಪಂಚಾಯಿತಿಗೆ. ಚೀಟಿ ನೋಡದೆ ಅರ್ಧ ಗಂಟೆ ಮಾತಾಡಬಲ್ಲಳು, ಜನ ಎದ್ದು ಹೋಗದ ಹಾಗೆ ಮಾತಾಡಬಲ್ಲಳು. ಅದನ್ನು ಪಕ್ಷದ ದೊಡ್ಡವರು ಗಮನಿಸಿದರು. ಮೂರು ವರ್ಷದಿಂದ ಅವಳ ವಾಸ ಬೆಂಗಳೂರಿನಲ್ಲಿ, ಪಕ್ಷ ಕೊಟ್ಟ ಫ್ಲ್ಯಾಟಿನಲ್ಲಿ. ಮೊದಮೊದಲು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದಳು. ಆಮೇಲೆ ತಿಂಗಳಿಗೊಮ್ಮೆ ಆಯಿತು, ಆಮೇಲೆ ಹಬ್ಬಕ್ಕೆ. ಒಬ್ಬಳೇ ಮಗಳು ಭಾನುಪ್ರಿಯಾ ಮದುವೆಯಾಗಿ ಮಾಲೂರಿನಲ್ಲಿದ್ದಳು. ಊರ ಮನೆಯಲ್ಲಿ ಉಳಿದವರು ಗೋಪಾಲಪ್ಪ ಮತ್ತು ಅವನ ಅಣ್ಣ ಪಿಳ್ಳಪ್ಪ.

ಬಣ್ಣದ ವಿಷಯ ಶುರುವಾದದ್ದು ಒಂದು ಫೋಟೋದಿಂದ. ಚುನಾವಣೆಯ ದಿನ ಅಶ್ವತ್ಥಮ್ಮ ಊರಿಗೆ ಬಂದು ಗಂಡನ ಜೊತೆ ಹೋಗಿ ಮತ ಹಾಕಿದಳು. ಇಬ್ಬರೂ ಬೆರಳು ತೋರಿಸುತ್ತ ನಿಂತದ್ದನ್ನು ಯಾರೋ ತೆಗೆದರು. ಮಾರನೆಯ ದಿನ ಒಂದು ಪತ್ರಿಕೆಯಲ್ಲಿ ಅದರ ಕೆಳಗೆ ‘ತಂದೆಯೊಂದಿಗೆ ಮತ ಚಲಾಯಿಸಿದ ಅಶ್ವತ್ಥಮ್ಮ’ ಎಂದು ಬಂತು. ಅವಳಿಗೂ ಅವನಿಗೂ ಹನ್ನೊಂದು ವರ್ಷದ ಅಂತರ. ಅವನ ತಲೆ ನಲವತ್ತೈದಕ್ಕೇ ಪೂರ್ತಿ ಬೆಳ್ಳಗಾಗಿತ್ತು. ಆ ಬೆಳಗ್ಗೆ ಅವಳು ಫೋನ್ ಮಾಡಿ, ಓದಿ ಹೇಳಿ, ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಇವನೂ ನಕ್ಕ. “ಅಪ್ಪ ಅಂತ ಕರಿ ಇನ್ಮೇಲೆ” ಅಂದ. ಅವಳು ಕೆಮ್ಮುವಷ್ಟು ನಕ್ಕಳು. ಇಬ್ಬರೂ ಸೇರಿ ಹಾಗೆ ನಕ್ಕು ಬಹಳ ದಿನವಾಗಿತ್ತು.

ಪಕ್ಷದವರು ನಗಲಿಲ್ಲ. ವಾರದೊಳಗೆ ಪ್ರಚಾರ ವಿಭಾಗದಿಂದ ರಮ್ಯ ಎಂಬ ಹುಡುಗಿ ಮನೆಗೆ ಬಂದಳು. ಮೂವತ್ತರೊಳಗಿನವಳು, ಬಹಳ ಮರ್ಯಾದೆಯಿಂದ ಮಾತಾಡುವವಳು.

“ಮೇಡಂಗೆ ಅಂತ ಒಂದು ಇಮೇಜ್ ಇದೆ ಸರ್. ಸಂಸಾರ ತೂಗಿಸ್ಕೊಂಡು ರಾಜಕೀಯ ಮಾಡೋ ಹೆಣ್ಮಗಳು ಅಂತ. ಪಕ್ಕದಲ್ಲಿ ನಿಲ್ಲೋವ್ರು ನೀವು. ನೀವೂ ಅದಕ್ಕೆ ತಕ್ಕ ಹಾಗೆ ಕಾಣಿಸ್ಬೇಕಲ್ವಾ?”

“ನಾನು ಇರೋದೇ ಹಿಂಗಲ್ಲಮ್ಮ.”

“ಖರ್ಚೆಲ್ಲ ಪಕ್ಷದ್ದು ಸರ್. ನೀವು ಕಾರಲ್ಲಿ ಬಂದು ಕೂತ್ಕೊಂಡ್ರೆ ಸಾಕು.”

ಅವನು ಅಣ್ಣನ ಮುಖ ನೋಡಿದ. ಪಿಳ್ಳಪ್ಪ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದವನು, “ಹೋಗ್ ಬಾರ್ಲಾ, ಬಣ್ಣ ತಾನೆ. ತೊಳದ್ರೆ ಹೋಗ್ತದೆ” ಅಂದ.

ಮೊದಲ ದಿನ ಕಪ್ಪು ತಲೆಯಲ್ಲಿ ಮನೆಗೆ ಬಂದಾಗ ನಾಯಿ ಬೊಗಳಿತು. ಪಿಳ್ಳಪ್ಪ ಮಾತ್ರ ಬಹಳ ಹೊತ್ತು ನೋಡಿ, “ಮದ್ವೆ ದಿನ ಹಿಂಗೇ ಇದ್ದೆ ಕಣ್ಲಾ ನೀನು” ಅಂದ. ಅದರಲ್ಲಿ ಗೇಲಿ ಇರಲಿಲ್ಲ.

ಊರಲ್ಲಿ ಅಷ್ಟು ಸಲೀಸಾಗಿ ನಡೆಯಲಿಲ್ಲ. ನಂದಗುಡಿಯಲ್ಲಿ ಮುನಿಶಾಮಿಯ ಕ್ಷೌರದಂಗಡಿಯಿತ್ತು. ಮೂವತ್ತು ವರ್ಷದಿಂದ ಗೋಪಾಲಪ್ಪನ ಗಡ್ಡ ಕೆರೆದವನು ಮುನಿಶಾಮಿಯೇ. ಭಾನುವಾರ ಅಲ್ಲಿ ಹೋಗಿ ಕೂತರೆ ಬೆಂಚಿನ ಮೇಲೆ ನಾಲ್ಕು ಜನ ಇರುತ್ತಿದ್ದರು. ಟೊಮೆಟೊ ರೇಟು, ಯಾರ ಬೋರ್‌ವೆಲ್ಲು ಬತ್ತಿತು, ಯಾರ ಜಮೀನಿಗೆ ಸರ್ವೆಯವರು ಬಂದರು, ಇಂಥದೇ ಮಾತು. ಕ್ಷೌರ ಮುಗಿದು ಹೋದರೂ ಅಲ್ಲಿ ಎರಡು ಗಂಟೆ ಕಳೆಯುತ್ತಿತ್ತು. ಸಲೂನು ಶುರುವಾದ ಮೇಲೆ ಅವನಿಗೆ ಅಲ್ಲಿ ಕೆಲಸವೇ ಇಲ್ಲವಾಯಿತು. ಒಂದು ಭಾನುವಾರ ಸುಮ್ಮನೆ ಹೋಗಿ ಬೆಂಚಿನ ಮೇಲೆ ಕೂತ. ಸರ್ವೆ ಕಲ್ಲಿನ ಬಗ್ಗೆ ಜೋರಾಗಿ ಮಾತಾಡುತ್ತಿದ್ದವರು ಅವನನ್ನು ಕಂಡು ಕ್ರಿಕೆಟ್ಟಿಗೆ ಹೊರಳಿದರು. ಜಮೀನು ವಶಪಡಿಸಿಕೊಳ್ಳುವ ವಿಷಯದಲ್ಲಿ ಅಶ್ವತ್ಥಮ್ಮನ ಪಕ್ಷ ಯಾವ ಕಡೆ ಎಂದು ಯಾರಿಗೂ ಖಾತ್ರಿಯಿರಲಿಲ್ಲ, ಅವನಿಗೂ ಇರಲಿಲ್ಲ. ಮುನಿಶಾಮಿ, “ಕಾಫಿ ತರಿಸ್ಲಾ ಗೋಪಾಲಣ್ಣ?” ಎಂದು ಕೇಳಿದ. ಮುಂಚೆ ಎಂದೂ ಹಾಗೆ ಕೇಳಿದವನಲ್ಲ. ಕಾಫಿ ಕುಡಿದು ಎದ್ದು ಬಂದ. ಮತ್ತೆ ಹೋಗಲಿಲ್ಲ.

ಹಾಗಂತ ಅವನು ಮಂಗಳವಾರಗಳನ್ನು ದ್ವೇಷಿಸುತ್ತಿದ್ದ ಎಂದರೆ ಸುಳ್ಳಾಗುತ್ತದೆ. ಕೆಲವು ಮಂಗಳವಾರ ಸಲೂನಿನಿಂದ ನೇರವಾಗಿ ಸ್ಟುಡಿಯೋಗೆ ಕರೆದುಕೊಂಡು ಹೋಗುತ್ತಿದ್ದರು. ‘ತುಂಬಿದ ಮನೆ’ ಎಂದು ಪಕ್ಷದ್ದೊಂದು ಅಭಿಯಾನ ಶುರುವಾಗಿತ್ತು. ಸ್ಟುಡಿಯೋದಲ್ಲಿ ಒಂದು ನಡುಮನೆಯನ್ನೇ ಕಟ್ಟಿದ್ದರು: ಉಯ್ಯಾಲೆ, ಹಿತ್ತಾಳೆ ದೀಪ, ಗೋಡೆ ಮೇಲೆ ಯಾರದೋ ಅಜ್ಜ ಅಜ್ಜಿಯ ಪಟ. ಅಲ್ಲಿಗೆ ಅಶ್ವತ್ಥಮ್ಮ ಬರುತ್ತಿದ್ದಳು. ಇಬ್ಬರನ್ನೂ ಉಯ್ಯಾಲೆಯ ಮೇಲೆ ಕೂರಿಸಿ, ಫೋಟೋದವನು “ಮೇಡಂ, ಸರ್ ಭುಜದ ಮೇಲೆ ಕೈ ಇಡಿ” ಅನ್ನುತ್ತಿದ್ದ. ಅವಳು ಇಡುತ್ತಿದ್ದಳು. ದೀಪ ಸರಿಮಾಡುವ, ಕ್ಯಾಮೆರಾ ಬದಲಿಸುವ ಸಂದಿನಲ್ಲಿ ತುಟಿ ಅಲ್ಲಾಡಿಸದೆ ಅವಳು ಮಾತಾಡುತ್ತಿದ್ದಳು.

“ಭಾವ ಬಿಪಿ ಮಾತ್ರೆ ತಗೋತಾವ್ರಾ?”

“ದಿನಾ ನಾನೇ ಕೊಡ್ತೀನಿ.”

“ಕೆಂದ ಹಸ ಈತಾ?”

“ಸೋಮ್ವಾರ ಈತು. ಹೆಣ್ಣು ಕರ.”

ಆಗ ಅವಳು ನಿಜವಾಗಿ ನಗುತ್ತಿದ್ದಳು. ಫೋಟೋದವನು ಅದನ್ನೇ ಹಿಡಿದು, “ಸೂಪರ್ ಮೇಡಂ” ಅನ್ನುತ್ತಿದ್ದ. ಗಂಡನ ಕಾಲರಿನ ಮೇಲಿನ ದಾರದ ಎಳೆಯೊಂದನ್ನು ಅವಳು ತಾನಾಗಿ ಕಿತ್ತು ಬಿಸಾಡಿದಳು ಒಂದು ದಿನ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದಿನ ಸ್ಟುಡಿಯೋದ ದಿನಕ್ಕೆ ಹೇಳಲು ಗೋಪಾಲಪ್ಪ ಸುದ್ದಿ ಕೂಡಿಡತೊಡಗಿದ. ಹಲಸಿನ ಮರ ಈ ಸಲ ಬಿಟ್ಟದ್ದು, ಪಕ್ಕದ ಮನೆಯವರು ಕಾಂಪೌಂಡು ಹಾಕಿದ್ದು, ಅಣ್ಣ ಕನ್ನಡಕ ತಲೆ ಮೇಲೇ ಇಟ್ಟುಕೊಂಡು ಮನೆಯೆಲ್ಲ ಹುಡುಕಿದ್ದು. ಫೋನಿನಲ್ಲಿ ಹೇಳಬಹುದಿತ್ತು. ಫೋನನ್ನು ಅವಳ ಪಿಎ ಎತ್ತುತ್ತಿದ್ದ. ಅವನಿಗೆ ಬಣ್ಣ ಬೇಕಿರಲಿಲ್ಲ. ಬಣ್ಣ ಹಚ್ಚಿಸಿಕೊಂಡ ಮೇಲೆ ಸಿಗುತ್ತಿದ್ದ ಆ ಅರ್ಧ ಗಂಟೆ ಬೇಕಿತ್ತು. ಹೀಗೆ ಒಂದೂವರೆ ವರ್ಷ ಕಳೆಯಿತು.

ರಾಗಿ ಕೊಯ್ಲಿನ ಕಾಲದಲ್ಲಿ ಪಿಳ್ಳಪ್ಪ ತೀರಿಕೊಂಡ. ಬೆಳಗ್ಗೆ ಕಾಫಿ ಕೊಡಲು ಹೋದಾಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದವನು ಏಳಲಿಲ್ಲ. ಎಪ್ಪತ್ತೆರಡು ವಯಸ್ಸು. ಮದುವೆಯಾಗಿ ನಾಲ್ಕು ವರ್ಷಕ್ಕೆ ಹೆಂಡತಿ ತೀರಿಕೊಂಡಳು, ಮಕ್ಕಳಾಗಿರಲಿಲ್ಲ, ಮತ್ತೆ ಮದುವೆಯಾಗಲಿಲ್ಲ. ಅಪ್ಪ ಸತ್ತಾಗ ಗೋಪಾಲಪ್ಪನಿಗೆ ಒಂಬತ್ತು. ಶಾಲೆಗೆ ಕಳಿಸಿದ್ದು, ಜ್ವರ ಬಂದಾಗ ಹೊಸಕೋಟೆಯವರೆಗೆ ಹೆಗಲ ಮೇಲೆ ಹೊತ್ತದ್ದು, ಹೆಣ್ಣು ನೋಡಿದ್ದು ಎಲ್ಲ ಅವನೇ. ಅಶ್ವತ್ಥಮ್ಮ ಸಂಘದ ಮೀಟಿಂಗಿಗೆ ಮೊದಲ ಸಲ ಊರು ಬಿಟ್ಟು ಹೊರಟಾಗ ನಾಲ್ಕು ಜನ ಬಂದು ಜಗುಲಿ ಮೇಲೆ ಕೂತು ಬುದ್ಧಿ ಹೇಳಿದ್ದರು. “ನಮ್ಮನೆ ಹೆಣ್ಮಗಳು ಎಲ್ಲಿಗೆ ಹೋಗ್ಬೇಕು ಅಂತ ನಾವು ನೋಡ್ಕೋತೀವಿ, ನೀವು ಕಾಫಿ ಕುಡ್ಕೊಂಡು ಹೊರಡಿ” ಎಂದು ಅವರನ್ನು ಕಳಿಸಿದವನೂ ಪಿಳ್ಳಪ್ಪನೇ.

ಅವಳು ಎಂಟು ಕಾರಿನ ಜೊತೆ ಬಂದಳು. ಕಾರಿನವರನ್ನೆಲ್ಲ ಆಚೆ ನಿಲ್ಲಿಸಿ ಒಳಗೆ ಬಂದು ಭಾವನ ಕಾಲ ಹತ್ತಿರ ಕೂತು ಅತ್ತಳು. ಹೊಲದ ಬದಿಯಲ್ಲಿ ಮಣ್ಣು ಮಾಡಿದರು. ಗೋಪಾಲಪ್ಪನೇ ಕಾರ್ಯಕ್ಕೆ ನಿಂತ. ಮೂರನೆಯ ದಿನ ಹಾಲು ತುಪ್ಪ ಆಯಿತು. ಹನ್ನೊಂದನೆಯ ದಿನಕ್ಕೆ ತಿಥಿ ಎಂದು ಗೊತ್ತುಮಾಡಿದರು.

ಒಂಬತ್ತನೆಯ ದಿನ ರಮ್ಯ ಫೋನ್ ಮಾಡಿದಳು.

“ಸರ್, ಹೇಗಿದ್ದೀರಾ? ತುಂಬಾ ಬೇಜಾರಾಯ್ತು ಸರ್. ಒಂದು ವಿಷಯ. ಭಾನುವಾರ ಹೊಸಕೋಟೇಲಿ ಸಮಾವೇಶ. ನಿಮ್ಮ ಅಣ್ಣನ ತಿಥಿ ಆಗಿ ಎರಡೇ ದಿನಕ್ಕೆ. ದಾರಿ ಉದ್ದಕ್ಕೂ ನಿಮ್ಮಿಬ್ಬರ ಫೋಟೋ ಹಾಕಿದ್ದೀವಿ. ನೀವು ಸ್ಟೇಜ್ ಮೇಲೆ ಮೇಡಂ ಪಕ್ಕ ಇರ್ಬೇಕು.”

“ಬರ್ತೀನಮ್ಮ.”

“ಅದಲ್ಲ ಸರ್. ತಿಥಿ ದಿನ ತಲೆ... ಮೀಸೆ... ತೆಗೀತಾರೆ ಅಂತ ಬೀರೇಶ್ ಹೇಳಿದ್ರು.”

ಗೋಪಾಲಪ್ಪ ಮೀಸೆಯ ಮೇಲೆ ಬೆರಳಾಡಿಸಿದ.

“ಒಂದು ಎಳೆ ಕತ್ತರಿಸಿದ್ರೂ ನಡೆಯುತ್ತಂತೆ ಸರ್. ನಾವು ಇಲ್ಲಿ ಒಬ್ಬ ಪುರೋಹಿತರನ್ನ ಕೇಳಿದ್ವಿ.”

ಸಂಜೆ ಅಶ್ವತ್ಥಮ್ಮನೇ ಮಾತಾಡಿದಳು. ಸುತ್ತ ಜನರ ಗದ್ದಲ ಕೇಳುತ್ತಿತ್ತು. “ರೀ, ರಮ್ಯ ಹೇಳಿದ್ಲಾ? ಭಾವಂಗೆ ನಾವು ಕಮ್ಮಿ ಮಾಡ್ತಿಲ್ಲ. ಊಟಕ್ಕೆ ಸಾವ್ರ ಜನಕ್ಕೆ ಹೇಳಿದ್ದೀನಿ. ಕೂದ್ಲು ಒಂದು ಮಾತ್ರ... ಈ ಸಲ ಟಿಕೆಟ್ ತೀರ್ಮಾನ ಆಗೋದೇ ಈ ಸಮಾವೇಶ ನೋಡಿ. ಒಂದ್ಸಲ ಸುಧಾರಿಸ್ಕೊಳಿ.”

“ಹೂಂ” ಅಂದ. ಹೂಂ ಅಂದಾಗ ಹಾಗೇ ಮಾಡಬೇಕು ಎಂದೇ ಅವನ ಮನಸ್ಸಿನಲ್ಲಿತ್ತು.

ಹನ್ನೊಂದನೆಯ ದಿನ ಬೆಳಗ್ಗೆ ಹೊಲದ ಪಂಪ್‌ಸೆಟ್ ಹತ್ತಿರ ಮುನಿಶಾಮಿ ಚೀಲ ಬಿಚ್ಚಿ ಕೂತ. ನೆಂಟರು, ಊರವರು, ಪಕ್ಷದ ಏಳೆಂಟು ಜನ, ಅಶ್ವತ್ಥಮ್ಮ, ಎಲ್ಲರೂ ಸುತ್ತ ನಿಂತಿದ್ದರು. ಗೋಪಾಲಪ್ಪ ಅಂಗಿ ಬಿಚ್ಚಿ, ಟವೆಲ್ ಹೊದ್ದು ಅವನ ಮುಂದೆ ಕುಕ್ಕರುಗಾಲಲ್ಲಿ ಕೂತ. ಮುನಿಶಾಮಿಗೆ ಯಾರೋ ಮೊದಲೇ ಹೇಳಿದ್ದರು. ಕತ್ತಿ ಬಿಟ್ಟು ಕತ್ತರಿ ಕೈಗೆ ತಗೊಂಡಿದ್ದ. ಒದ್ದೆ ಕೈಯಿಂದ ತಲೆ ಸವರಿದ. ಒಂದೂವರೆ ವರ್ಷದ ಮೇಲೆ ಆ ಕೈ ಅವನ ತಲೆ ಮುಟ್ಟುತ್ತಿತ್ತು. ಒರಟು ಕೈ, ಬೆರಳ ತುದಿಯಲ್ಲಿ ಪಟಿಕದ ವಾಸನೆ.

“ಏನ್ ಮಾಡ್ಲಿ ಗೋಪಾಲಣ್ಣ?” ಎಂದು ಕಿವಿ ಹತ್ತಿರ ಬಗ್ಗಿ ಕೇಳಿದ. “ಒಂದೆಳೆ ಸಾಕು ಅಂತಾವ್ರೆ.”

ಗೋಪಾಲಪ್ಪ ಎದುರಿಗಿದ್ದ ಮಣ್ಣಿನ ದಿಬ್ಬ ನೋಡಿದ. ಮೇಲೆ ಇಟ್ಟ ಕಲ್ಲುಗಳ ಸಂದಿಯಲ್ಲಿ ಆಗಲೇ ಹುಲ್ಲಿನ ಮೊಳಕೆ ಎದ್ದಿತ್ತು. ಅವನಿಗೆ ಅಳು ಬರಲಿಲ್ಲ. ಈ ಹನ್ನೊಂದು ದಿನವೂ ಬಂದಿರಲಿಲ್ಲ. ಒಂದೆಳೆ ಕೊಟ್ಟು ಎದ್ದರೆ ಇನ್ನು ಯಾವತ್ತೂ ಬರುವುದಿಲ್ಲ ಎಂದು ಮಾತ್ರ ಅನ್ನಿಸಿತು.

“ನಮ್ಮಣ್ಣಂಗೆ ಮಾಡೋದಲ್ವಾ ಮುನಿಶಾಮಿ. ಪೂರ್ತಿ ತೆಗಿ.”

“ರೀ” ಎಂದು ಹಿಂದಿನಿಂದ ಒಂದು ಸಲ ಕೇಳಿಸಿತು. ಅವನು ತಿರುಗಲಿಲ್ಲ. ಮುನಿಶಾಮಿ ಒಂದು ಕ್ಷಣ ತಡೆದು, ಕತ್ತರಿ ಕೆಳಗಿಟ್ಟು ಕತ್ತಿ ತೆಗೆದುಕೊಂಡ. ಕಪ್ಪು ಕೂದಲು ಮಡಿಲಿಗೆ ಬಿತ್ತು. ಬುಡದಲ್ಲಿ ಒಂದು ಅಕ್ಕಿ ಕಾಳಿನಷ್ಟು ಬೆಳ್ಳಗೆ ಇತ್ತು; ಈ ಮಂಗಳವಾರ ಸಲೂನಿಗೆ ಹೋಗಿರಲಿಲ್ಲ. ಕೊನೆಗೆ ಮೀಸೆಯೂ ಹೋಯಿತು. ತಲೆ ಮೇಲೆ ತಣ್ಣನೆ ನೀರು ಬಿದ್ದಾಗ ಅವನು ಅತ್ತ. ನೀರಿನಲ್ಲಿ ಅದು ಯಾರಿಗೂ ಕಾಣಲಿಲ್ಲ.

ಅಶ್ವತ್ಥಮ್ಮ ಎಲ್ಲರಿಗೂ ತಾನೇ ನಿಂತು ಬಡಿಸಿದಳು. ಮೂರು ಗಂಟೆಗೆ ಹೊರಟಾಗ ಅವನು ಕಾರಿನ ತನಕ ಹೋದ. ಅವಳು ಬಾಗಿಲು ತೆಗೆದವಳು ಹತ್ತದೆ ನಿಂತಳು.

“ಮೊದ್ಲೇ ಒಂದು ಮಾತು ಹೇಳ್ಬೋದಿತ್ತು ನೀವು.”

“ಹೇಳಿದ್ರೆ ನೀನು ಬೇಡ ಅಂತಿದ್ದೆ. ಆಮೇಲೆ ನಂಗೆ ಮಾಡಕ್ಕಾಗ್ತಿರ್ಲಿಲ್ಲ.”

ಅವಳು ಅವನ ತಲೆಯ ಕಡೆ ಒಮ್ಮೆ ನೋಡಿ, ಕಣ್ಣು ಕೆಳಗೆ ಮಾಡಿ ಕಾರು ಹತ್ತಿದಳು. ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ.

ಸಂಜೆ ರಮ್ಯ ಫೋನ್ ಮಾಡಿ ವಿಗ್ ಬಗ್ಗೆ ಕೇಳಿದಳು. ಒಳ್ಳೆಯದು ಸಿಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ಮೀಸೆಯನ್ನೂ ಅಂಟಿಸಬಹುದು, ಅದನ್ನೂ ಪಕ್ಷವೇ ಕೊಡುತ್ತದೆ. ಗೋಪಾಲಪ್ಪ ಬೇಡ ಅಂದ. ಅವಳು ಒತ್ತಾಯ ಮಾಡಲಿಲ್ಲ. “ಹಾಗಾದ್ರೆ ಭಾನುವಾರ ನೀವು ರೆಸ್ಟ್ ತಗೊಳ್ಳಿ ಸರ್” ಅಂದಳು.

ಭಾನುವಾರ ಮನೆಯಲ್ಲಿ ಕೂರಲಾಗಲಿಲ್ಲ. ಅಣ್ಣನ ಮಂಚ ಬಿಚ್ಚಿ ಹಿಂದಿನ ಕೋಣೆಗೆ ಸಾಗಿಸಿ ಆಗಿತ್ತು. ಅದು ಇದ್ದ ಜಾಗ ಚೌಕವಾಗಿ ತಿಳಿಯಾಗಿ ಕಾಣುತ್ತಿತ್ತು. ತಲೆಗೆ ಒಂದು ಟವೆಲ್ ಸುತ್ತಿಕೊಂಡು ಹೊರಟು ಹೊಸಕೋಟೆ ಬಸ್ಸು ಹತ್ತಿದ. ರಸ್ತೆಯುದ್ದಕ್ಕೂ ಹೋರ್ಡಿಂಗುಗಳು. ಉಯ್ಯಾಲೆಯ ಮೇಲೆ ಕಪ್ಪು ಮೀಸೆಯ ಗಂಡ, ನಗುತ್ತಿರುವ ಹೆಂಡತಿ, ಭುಜದ ಮೇಲೆ ಕೈ. ಕೆಂದ ಹಸು ಕರು ಹಾಕಿದ ಸುದ್ದಿ ಹೇಳಿದ ದಿನದ ಫೋಟೋ ಅದು. ಪಕ್ಕ ನಿಂತಿದ್ದ ಹೆಂಗಸು ಅದನ್ನು ನೋಡಿ, ಇವನ ಮುಖವನ್ನೂ ನೋಡಿ, “ಸ್ವಲ್ಪ ಸರ್ಕೊಳ್ಳಿ ತಾತ” ಅಂದಳು.

ಮೈದಾನದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಗೋಪಾಲಪ್ಪ ಹಿಂದಿನ ಸಾಲೊಂದರಲ್ಲಿ ಕೂತ. ಪಕ್ಕದಲ್ಲಿ ಸೂಲಿಬೆಲೆ ಕಡೆಯ ಒಬ್ಬ, ಹೆಂಡತಿಯ ಸಂಘದ ಬಸ್ಸಿನಲ್ಲಿ ತಾನೂ ಬಂದವನು, ಫೋನು ನೋಡುತ್ತಿದ್ದ. ತಾನಾಗಿಯೇ ಇವನಿಗೆ ತೋರಿಸಿದ.

“ನೋಡಿದ್ರಾ ಯಜಮಾನ್ರೇ? ಬೆಳಗ್ಗೆಯಿಂದ ಎಲ್ಲಾರ್ಗೂ ಇದೇ ಬತ್ತಾ ಐತೆ.”

ಸಲೂನಿನ ಬಿಲ್ಲುಗಳು. ಪಕ್ಷದ ಮೊಹರು, ಅವನ ಹೆಸರು. ಬಣ್ಣಕ್ಕಿಷ್ಟು, ಮುಖಕ್ಕಿಷ್ಟು, ಉಗುರಿಗಿಷ್ಟು. ಪಕ್ಷದ ಒಳಗಿನವರೇ ಯಾರೋ ಅವಳಿಗೆ ಟಿಕೆಟ್ ತಪ್ಪಿಸಲು ಹೊರಗೆ ಹಾಕಿದ್ದರು. ಕೆಳಗೆ ಉಯ್ಯಾಲೆಯ ಫೋಟೋ, ಅದರ ಮೇಲೆ ಕೆಂಪು ಅಕ್ಷರದಲ್ಲಿ ‘ಕಾರ್ಯಕರ್ತರ ಹಣದಲ್ಲಿ ಗಂಡನ ಶೋಕಿ’.

“ಹೆಂಡ್ತಿ ದುಡೀತಾಳೆ, ಇವ್ನು ಪಾರ್ಲರ್ನಾಗೆ ಮಲಗವ್ನೆ” ಅಂದ ಆ ಮನುಷ್ಯ. ದ್ವೇಷವೇನೂ ಇರಲಿಲ್ಲ ಅವನ ಮಾತಿನಲ್ಲಿ, ಹೊತ್ತು ಹೋಗಲು ಆಡಿದ ಮಾತು. “ಅದೃಷ್ಟ ಬಿಡಿ.”

“ಹೌದು” ಅಂದ ಗೋಪಾಲಪ್ಪ.

ಅಷ್ಟರಲ್ಲಿ ಅಶ್ವತ್ಥಮ್ಮ ಮಾತಾಡಲು ಎದ್ದಳು. ನೀರಿನ ಬಗ್ಗೆ ಹೇಳಿದಳು, ಹೆಣ್ಣುಮಕ್ಕಳ ಕೆಲಸದ ಬಗ್ಗೆ ಹೇಳಿದಳು. ಆಮೇಲೆ ಸ್ವಲ್ಪ ನಿಲ್ಲಿಸಿ, “ನಮ್ಮ ಭಾವನೋರು ಹೋಗಿ ಇವತ್ತಿಗೆ ಹದಿಮೂರು ದಿನ” ಅಂದಳು. “ನಾನು ಮೊದಲ್ನೇ ಸಲ ಮೀಟಿಂಗಿಗೆ ಹೊರಟಾಗ ಊರೆಲ್ಲ ಬೇಡ ಅಂತು. ಆ ಮಹಾನುಭಾವ ಒಬ್ರೇ ಹೋಗಿ ಬಾರಮ್ಮ ಅಂದ್ರು. ನಮ್ಮ ಯಜಮಾನ್ರಿಗೆ ದುಃಖ ತಡ್ಕೊಳಕ್ಕಾಗ್ತಿಲ್ಲ. ಮನೇಲಿದ್ದಾರೆ.” ಸೆರಗಿನಿಂದ ಕಣ್ಣೊರೆಸಿಕೊಂಡಳು. ದೊಡ್ಡ ಪರದೆಯ ಮೇಲೆ ಅವಳ ಒದ್ದೆ ಕಣ್ಣು ಮನೆಯ ಬಾಗಿಲಿನಷ್ಟು ದೊಡ್ಡದಾಗಿ ಕಂಡಿತು. ಜನ ಚಪ್ಪಾಳೆ ತಟ್ಟಿದರು. ಅದು ನಿಜವಾದ ಅಳು ಎಂದು ಗೋಪಾಲಪ್ಪನಿಗೆ ಗೊತ್ತಿತ್ತು. ಆದರೂ ಜನದ ಜೊತೆ ತಾನೂ ಅದನ್ನು ಪರದೆಯ ಮೇಲೆ ನೋಡಬೇಕಾಯಿತು.

ಸಭೆ ಮುಗಿದ ಮೇಲೆ ವೇದಿಕೆಯ ಕಡೆ ನಡೆದ. ಅವಳ ಹತ್ತಿರ ಹೋಗಿ ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಹಗ್ಗದ ಹತ್ತಿರ ನಿಂತಿದ್ದ ಕಾರ್ಯಕರ್ತನೊಬ್ಬ ಮೆತ್ತಗೆ ತೋಳು ಹಿಡಿದು, “ತಾತ, ಊಟ ಆ ಕಡೆ” ಎಂದು ತೋರಿಸಿದ. ಗೋಪಾಲಪ್ಪ ಹೆಸರು ಹೇಳಬಹುದಿತ್ತು. ಹೇಳಲಿಲ್ಲ. ಸಾಲಿನಲ್ಲಿ ನಿಂತು ಪಲಾವ್ ಪೊಟ್ಟಣ ತೆಗೆದುಕೊಂಡು, ಮೈದಾನದ ಅಂಚಿನಲ್ಲಿ ಕೂತು ತಿಂದು ಬಸ್ಸಿಗೆ ಹೋದ.

ಸೋಮವಾರವೆಲ್ಲ ಟಿವಿಯಲ್ಲಿ ಅದೇ ಸುದ್ದಿ. ನಾಲ್ಕು ಜನ ಕೂತು ಅವನ ಉಗುರಿನ ಬಗ್ಗೆ ವಾದ ಮಾಡಿದರು. ಮಾಲೂರಿನಿಂದ ಮಗಳು ಫೋನ್ ಮಾಡಿ, “ಅಪ್ಪಾ, ಟಿವಿ ಆಫ್ ಮಾಡಿ” ಅಂದಳು. ಅವನು ಆಫ್ ಮಾಡಿದ. ಮನೆ ಇನ್ನೂ ಖಾಲಿ ಅನ್ನಿಸಿ ಮತ್ತೆ ಹಾಕಿದ.

ಮಂಗಳವಾರ ಒಂಬತ್ತಕ್ಕೆ ಕಾರು ಬಂತು. ಒಳಗಿನಿಂದ ಅಶ್ವತ್ಥಮ್ಮ ಇಳಿದಳು. ಜೊತೆಗೆ ಯಾರೂ ಇರಲಿಲ್ಲ. ಬೀರೇಶ್ ಕಾರನ್ನು ಹುಣಸೆ ಮರದ ನೆರಳಿಗೆ ತೆಗೆದುಕೊಂಡು ಹೋದ. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಮೂರು ದಿನದಿಂದ ನಿದ್ದೆಯಿಲ್ಲದವಳ ಹಾಗೆ ಗೋಡೆ ಹಿಡಿದು ಕೂತು, ಬ್ಯಾಗಿನಿಂದ ಒಂದು ಕಾಗದ ತೆಗೆದಳು.

“ಓದಿ” ಅಂದಳು.

ಅವನು ಓದಿದ. ಸಲೂನಿನ ವ್ಯವಸ್ಥೆಯನ್ನು ತಾನೇ ಆಸೆಪಟ್ಟು ಪಕ್ಷದ ಕಚೇರಿಯವರನ್ನು ಕೇಳಿ ಮಾಡಿಸಿಕೊಂಡೆ, ಹೆಂಡತಿಗೆ ಈ ವಿಷಯ ತಿಳಿದಿರಲಿಲ್ಲ, ತಪ್ಪಾಯಿತು, ಅಷ್ಟೂ ಹಣ ವಾಪಸು ಕಟ್ಟುತ್ತೇನೆ. ಕೆಳಗೆ ಅವನ ಹೆಸರು ಟೈಪಾಗಿತ್ತು.

“ಪಕ್ಷದೋರು ಬರ್ದಿರೋದು. ದುಡ್ಡು ನಾನು ಕಟ್ತೀನಿ. ನಿಮಗೆ ಇಷ್ಟ ಇಲ್ದಿದ್ರೆ ಬೇಡ.” ಅವಳು ಅವನ ಮುಖ ನೋಡದೆ ಹೇಳಿದಳು. “ಸಹಿ ಹಾಕಿದ್ರೆ ಊರಲ್ಲಿ ನಗ್ತಾರೆ ನಿಮ್ಮನ್ನ.”

“ನಗ್ಲಿ ಬಿಡು. ಈಗೇನು ಸುಮ್ನಿದ್ದಾರಾ.”

“ಇಲ್ಲಾಂದ್ರೆ ನನ್ನ ತೆಗೀತಾರೆ.”

“ಪೆನ್ನು ಕೊಡು.”

ಸಹಿ ಹಾಕಿದ. ಅವಳು ಕಾಗದ ಮಡಿಚಿದಳು, ಬ್ಯಾಗಿಗೆ ಹಾಕಲಿಲ್ಲ, ಮಂಡಿಯ ಮೇಲೆ ಇಟ್ಟುಕೊಂಡು ಕೂತಳು. ಅವನು ಒಳಗೆ ಹೋಗಿ ಕಾಫಿ ಮಾಡಿದ. ಹಾಲು ಉಕ್ಕುವುದನ್ನು ಕಾಯುತ್ತ ಏನೇನು ಹೇಳಬೇಕೆಂದು ನೆನಪಿಸಿಕೊಂಡ. ಭಾನುವಾರ ತಾನೂ ಬಂದಿದ್ದೆ ಎಂದು ಹೇಳುವುದೋ ಬೇಡವೋ ಎಂದು ತೀರ್ಮಾನವಾಗಲಿಲ್ಲ. ಲೋಟ ಹಿಡಿದು ಬಂದಾಗ ಅವಳು ಚಾಪೆಯ ಮೇಲೆ ಮಗ್ಗುಲಾಗಿ ಮಲಗಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಬೈತಲೆಯ ಹತ್ತಿರ ಅವಳ ಕೂದಲಿನ ಬುಡವೂ ಬೆಳ್ಳಗಿತ್ತು. ಅವಳೂ ಬಣ್ಣ ಹಚ್ಚುತ್ತಾಳೆ ಎಂದು ಅವನಿಗೆ ಅಂದೇ ಗೊತ್ತಾದದ್ದು.

ಅವಳ ಫೋನು ನೆಲದ ಮೇಲೆ ಗುರುಗುಟ್ಟಲು ಶುರು ಮಾಡಿತು. ರಮ್ಯ. ನಿಂತಿತು. ಮತ್ತೆ ಬಂತು. ಗೋಪಾಲಪ್ಪ ಅದನ್ನು ಎತ್ತಿ, ಒಂದು ದಿಂಬಿನ ಕೆಳಗೆ ಇಟ್ಟ. ಬೀರೇಶ್ ಬಾಗಿಲಿಗೆ ಬಂದು ಇಣುಕಿ, ಗಡಿಯಾರದ ಕಡೆ ಕೈ ತೋರಿಸಿದ. ಗೋಪಾಲಪ್ಪ ತುಟಿ ಮೇಲೆ ಬೆರಳಿಟ್ಟ. ಬೀರೇಶ್ ತಲೆಯಾಡಿಸಿ ಹೋದ. ಗೋಪಾಲಪ್ಪ ಎದುರು ಗೋಡೆಗೆ ಒರಗಿ ಕೂತ. ಕೂಡಿಟ್ಟ ಸುದ್ದಿ ಯಾವುದೂ ಬೇಕಾಗಲಿಲ್ಲ. ಬಿಸಿಲು ಹೊಸ್ತಿಲು ದಾಟಿ ಅವಳ ಪಾದದ ತನಕ ಬಂದಾಗ ಎದ್ದು ಬಾಗಿಲ ಒಂದು ರೆಕ್ಕೆ ಮುಚ್ಚಿ ಮತ್ತೆ ಬಂದು ಕೂತ. ಕಾಫಿ ಆರಿಹೋಯಿತು.

ಹನ್ನೆರಡೂವರೆಗೆ ಅವಳಿಗೆ ಎಚ್ಚರವಾಯಿತು. ಮೊದಲು ಎಲ್ಲಿದ್ದೇನೆಂದು ತಿಳಿಯದವಳಂತೆ ನೋಡಿದಳು. ಆಮೇಲೆ ಫೋನು ಹುಡುಕಿದಳು.

“ಎಬ್ಬಿಸ್ಬಾರ್ದಾ? ಹನ್ನೊಂದಕ್ಕೆ ಪ್ರೆಸ್‌ಮೀಟ್ ಇತ್ತು. ಎಷ್ಟು ಸಲ ಮಾಡವ್ರೆ ನೋಡಿ.”

“ಸುಸ್ತಾಗಿದ್ದೆ ನೀನು.”

“ನನ್ನ ಸುಸ್ತು ಯಾರು ಕೇಳ್ತಾರೆ ಅಲ್ಲಿ?” ಎಂದು ಎದ್ದು, ಸೀರೆ ಸರಿಮಾಡಿಕೊಂಡಳು. ಕನ್ನಡಿಯಲ್ಲಿ ಒಮ್ಮೆ ಮುಖ ನೋಡಿಕೊಂಡಳು. ಹೊರಗೆ ಹೆಜ್ಜೆ ಇಟ್ಟವಳು ಹೊಸ್ತಿಲ ಮೇಲೆ ನಿಂತು, “ಸರ್ಯಾಗಿ ಊಟ ಮಾಡಿ” ಅಂದಳು. ಕಾರು ಹೋಯಿತು.

ಪತ್ರ ಅಂದು ಸಂಜೆಯೇ ಟಿವಿಯಲ್ಲಿ ಬಂತು. ಎರಡು ದಿನ ಮತ್ತೆ ಗದ್ದಲವಾಯಿತು, ಮೂರನೆಯ ದಿನಕ್ಕೆ ಇನ್ಯಾರದೋ ಸುದ್ದಿ ಬಂದು ಇದು ಹಿಂದೆ ಸರಿಯಿತು. ಅಶ್ವತ್ಥಮ್ಮ ಹುದ್ದೆಯಲ್ಲಿ ಉಳಿದಳು. ಟಿಕೆಟ್ಟೂ ಸಿಗುತ್ತದೆ ಎಂದು ಮಾತಾಡಿಕೊಂಡರು. ನಾಯಕರ ಮನೆಯವರ ಖರ್ಚನ್ನು ಇನ್ನು ಮುಂದೆ ಪಕ್ಷ ಭರಿಸುವುದಿಲ್ಲ ಎಂದು ಪ್ರಕಟಣೆ ಬಂತು. ‘ತುಂಬಿದ ಮನೆ’ಯ ಹೋರ್ಡಿಂಗುಗಳನ್ನು ಇಳಿಸಿ, ಅವಳೊಬ್ಬಳೇ ಕೈ ಮುಗಿದು ನಿಂತದ್ದನ್ನು ಹಾಕಿದರು. ಗೋಪಾಲಪ್ಪನ ತಲೆ ಮೇಲೆ ಬಿಳಿ ಕೂದಲು ಮೊಳೆಯಿತು. ಮಂಗಳವಾರಗಳು ಉಳಿದ ದಿನಗಳ ಹಾಗೆಯೇ ಆದವು. ಅವಳು ಆಗಾಗ ತಾನೇ ಫೋನ್ ಮಾಡುತ್ತಿದ್ದಳು, ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತಿದ್ದಳು.

ಸೂತಕದ ದಿನಗಳಲ್ಲೂ ಆಮೇಲೂ ಇವರ ಮನೆಯ ಹಾಲನ್ನು ಪಕ್ಕದ ಮನೆಯ ಗೋವಿಂದರಾಜುವೇ ಡೇರಿಗೆ ಹಾಕಿ ಬರುತ್ತಿದ್ದ. ಮುಂದಿನ ತಿಂಗಳ ಒಂದನೇ ತಾರೀಕು ಗೋಪಾಲಪ್ಪ ತಾನೇ ಕ್ಯಾನು ಹಿಡಿದು ಹೋದ. ಸಾಲಿನಲ್ಲಿದ್ದವರು ಸ್ವಲ್ಪ ಜರುಗಿ ಜಾಗ ಬಿಟ್ಟರು. ಯಾರೂ ನಗಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಅವನ ಸರದಿ ಬಂದಾಗ ಹಾಲು ಅಳೆಯುತ್ತಿದ್ದ ಕಾರ್ಯದರ್ಶಿ ಪುಸ್ತಕ ತಿರುಗಿಸಿ ನೋಡಿ, ಪೆನ್ನು ತಡೆದ.

“ಗೋಪಾಲಪ್ಪಣ್ಣ, ನಿಮ್ಮನೆ ಪುಸ್ತಕ ಇನ್ನೂ ಪಿಳ್ಳಪ್ಪಣ್ಣನ ಹೆಸ್ರಲ್ಲೇ ಐತೆ. ನಿಮ್ಮ ಹೆಸ್ರಿಗೆ ಮಾಡ್ಬಿಡ್ಲಾ? ಒಂದು ಅರ್ಜಿ ಕೊಟ್ರೆ ಆಯ್ತು.”

ಗೋಪಾಲಪ್ಪ ಖಾಲಿ ಕ್ಯಾನನ್ನು ನಲ್ಲಿಯಲ್ಲಿ ತೊಳೆದು ಬಗ್ಗಿಸಿ ನೀರು ಸುರಿಸಿದ.

“ಈ ತಿಂಗ್ಳು ಹಂಗೇ ಇರ್ಲಿ” ಅಂದ. “ಅಣ್ಣನ ಹೆಸ್ರಲ್ಲೇ ಬರ್ಕೋ.”